ಗಡಿಗೆ ತಿಕ್ಕಿದ ಕೈ

ಗಂಗಕ್ಕ ತಲೆಯ ಮೇಲಿನ ಗಡಿಗೆಯನ್ನು ಮೊಣಕಾಲಿಗೆ ಇಳಿಸಿಕೊಂಡು, ಅಲ್ಲಿಂದ ನೀರಿನ ಕಟ್ಟೆಯ ಮೇಲಿದ್ದ ಸಿಂಬೆಗೆ ಸರಿಸುತ್ತ ಹೇಳಿದಳು: "ಕೆರಿ ತಳ ಹತ್ತೈತಿ ಅತ್ತೆವ್ವ. ನೀರಲ್ಲ ಇದು, ಬರೇ ರಾಡಿ. ಇವತ್ತು ಒಂದು ಬೀಜ ಸಾಲಂಗಿಲ್ಲ ನೋಡು."

ಅತ್ತೆ ತಿಪ್ಪಕ್ಕ ಎಂದಿನಂತೆ ಕಟ್ಟೆಯ ಪಕ್ಕ ಗೋಡೆಗೆ ಒರಗಿ ಕೂತಿದ್ದಳು. ಸೊಸೆ ಕೆರೆಯಿಂದ ಬರುವ ಹೊತ್ತಿಗೆ ಕೈಯಲ್ಲಿ ಚಿಲ್ಲದ ಬೀಜ ಹಿಡಿದು ಕಾಯುವುದು ಅವಳ ವಾಡಿಕೆ. ಗಡಿಗೆ ಕೂತ ತಕ್ಷಣ ತೋಳು ಒಳಗಿಳಿಸಿ, ಒಳಮೈಗೆ ಬೀಜವನ್ನು ಗರಗರನೆ ತಿಕ್ಕುತ್ತಿದ್ದಳು. ಸ್ವಲ್ಪ ಹೊತ್ತು ಬಿಟ್ಟರೆ ಕೆಮ್ಮಣ್ಣೆಲ್ಲ ತಳಕ್ಕೆ ಕೂತು ನೀರು ತಿಳಿಯಾಗುತ್ತಿತ್ತು. ಕೆರೆಯ ನೀರು ಕುಡಿಯುವ ಆ ಸೀಮೆಯಲ್ಲಿ ಮನೆಮನೆಯ ಕೆಲಸ ಅದು. ಬೇರೆ ಮನೆಗಳಲ್ಲಿ ಸೊಸೆಯರು ತಿಕ್ಕುತ್ತಿದ್ದರು. ಈ ಮನೆಯಲ್ಲಿ ಮಾತ್ರ ಅತ್ತೆ.

"ಅಜ್ಜಿ ಕುಂತಲ್ಲೇ ನಿದ್ದಿ ಹೋಗ್ಯಾಳವ್ವ," ಎಂದಳು ಓಬಿ. ಎಂಟು ವರ್ಷದ ಹುಡುಗಿ, ಹಾಸಿಗೆಯಿಂದೆದ್ದು ನೇರ ಅಜ್ಜಿಯ ಮಗ್ಗುಲಿಗೆ ಬಂದು ಕೂತಿದ್ದಳು. "ಕರದ್ರ ಓ ಅನ್ನವಲ್ಲಳು."

ಗಂಗಕ್ಕ ಒದ್ದೆಗೈಯಿಂದಲೇ ಅತ್ತೆಯ ಭುಜ ಮುಟ್ಟಿದಳು. ತಲೆ ಒಂದು ಕಡೆಗೆ ವಾಲಿತು. ಕೈ ಹಿಡಿದರೆ ಕೆರೆಯ ನೀರಿಗಿಂತ ತಣ್ಣಗಿತ್ತು. ಮುಚ್ಚಿದ ಮುಷ್ಟಿಯೊಳಗೆ ಚಿಲ್ಲದ ಬೀಜ, ಅರ್ಧ ಸವೆದದ್ದು. ಗಂಗಕ್ಕ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಬೀಜವನ್ನು ತೆಗೆದಳು. ಎಲ್ಲಿಡಬೇಕೆಂದು ತೋಚದೆ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

"ಓಡು ಮಗಳೆ, ನಿಮ್ಮಪ್ಪನ್ನ ಕರಿ. ಕುರಿ ಹಟ್ಟಿಯಾಗದಾನ."

ಓಬಿ ಬಾಗಿಲವರೆಗೆ ಹೋಗಿ ತಿರುಗಿ ನಿಂತಳು. "ಅವ್ವ, ಒಂದು ಕೇಳ್ಲಾ?"

"ಈಗೇನು ಕೇಳ್ತಿ, ಓಡು!"

ಹುಡುಗಿ ಓಡಿದಳು. ಗಡಿಗೆಯಲ್ಲಿ ಕೆಂಪು ನೀರು ಇನ್ನೂ ತುಳುಕಾಡುತ್ತಿತ್ತು. ಗಂಗಕ್ಕ ಅದರ ಮುಂದೆ ನಿಂತಳು, ಕೂತಳು, ಮತ್ತೆ ಎದ್ದಳು. ಅವಳ ಕೈ ಗಡಿಗೆಯೊಳಗೆ ಇಳಿದು ಇಪ್ಪತ್ತನಾಲ್ಕು ವರ್ಷವಾಗಿತ್ತು.

*

ಬಿಸಿಲು ಏರುವಷ್ಟರಲ್ಲಿ ಅಂಗಳ ತುಂಬಿತು. ಹೆಣವನ್ನು ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿ, ಹಣೆಗೆ ವಿಭೂತಿ ಹಚ್ಚಿ, ಬಾಯಿಗೆ ಎಲೆ ಅಡಿಕೆ ಇಟ್ಟರು. ತಲೆಯ ಹತ್ತಿರ ದೀಪ. ಪಕ್ಕದ ಮನೆಯ ಆದಿಲಕ್ಷ್ಮಿ ಎದೆ ಬಡಿದುಕೊಂಡು ಬಂದಳು.

"ನಿನ್ನ ಬಾಗಾನೇ ಉಂದಿ ಕದಮ್ಮಾ! ನೆನ್ನೆ ಚೆಂದ ಇದ್ಲಲ್ಲವ್ವ, ಸಂಜಿಗೂ ನಮ್ಮ ಆಕಳ ಮೈ ತಿಕ್ಕಿ ಹೋದ್ಲಲ್ಲ!" ಎಂದು ತವರಿನ ತೆಲುಗು ಬೆರೆಸಿ ಗೋಳಾಡಿ, ಮೂಗು ಒರೆಸಿಕೊಂಡು, ಸುತ್ತ ಕೂತ ಹೆಂಗಸರ ಕಡೆ ತಿರುಗಿದಳು. "ನಾನು ಹೊಸದಾಗಿ ಬಂದಾಗ ಈಕಿ ಹತ್ರ ನೀರು ಕೇಳಿದ್ನಿ. ಊರ ಮಂದಿ ಹೇಳಿರಲಿಲ್ಲ ನಂಗ. ತಾನು ಒಂದು ಗುಟುಕು ಕುಡದು, 'ನೋಡವ್ವ, ಸತ್ತಿಲ್ಲ, ಈಗ ನೀ ಕುಡಿ' ಅಂದ್ಲು. ನಾನು ಹುಚ್ಚಿ, ಚಾಷ್ಟಿ ಮಾಡ್ತಾಳ ಅನಕಂಡು ನಕ್ಕಬಿಟ್ಟೆ."

"ಕುಡದ್ಯೋ ಇಲ್ಲೋ?" ಎಂದ ಹೊರಗಿನಿಂದ ಮುದುಕ ಪಾಪಣ್ಣ. ತಿಪ್ಪಕ್ಕನ ವಾರಿಗೆಯವನು. ಚಟ್ಟಕ್ಕೆ ಬಿದಿರು ಸೀಳುತ್ತಿದ್ದ.

"ಕುಡದೆ. ಮನಿಗೆ ಹೋದ ಮ್ಯಾಲೆ ಅತ್ತಿ ಹೇಳಿದ್ಲು. ಆ ರಾತ್ರಿ ಹೊಟ್ಟಿ ಹಿಡಕಂಡು ಕುಂತಿದ್ನಿ. ಬೆಳಗ್ಗೆ ನೋಡಿದ್ರ ಹಸಿವು, ಅಷ್ಟ."

ಒಬ್ಬಿಬ್ಬರು ನಕ್ಕರು. ನಕ್ಕವರೇ ಸೆರಗು ಕಚ್ಚಿಕೊಂಡರು. ಊರಿನಲ್ಲಿ ಅವಳನ್ನು ಮುಷ್ಟಿ ತಿಪ್ಪಕ್ಕ ಎನ್ನುತ್ತಿದ್ದರು. ಮುಷ್ಟಿ ಎಂದರೆ ವಿಷದ ಬೀಜ. ಗಂಡನ ಗಡಿಗೆಗೆ ಚಿಲ್ಲದ ಬದಲು ಮುಷ್ಟಿ ತಿಕ್ಕಿದವಳು ಎಂದು. ಗೊತ್ತಿದ್ದು ತಿಕ್ಕಿದಳೋ ಗೊತ್ತಿಲ್ಲದೆಯೋ ಎಂಬುದರಲ್ಲಿ ಮಾತ್ರ ಊರು ಎರಡು ಪಾಲಾಗಿತ್ತು. ಅವಳ ಮನೆಯ ನೀರು ಕುಡಿಯದಿರುವುದರಲ್ಲಿ ಊರೆಲ್ಲ ಒಂದು.

ಗಂಗಕ್ಕ ಕೂತಲ್ಲಿ ಕೂರಲಾರದೆ ಒಳಗೂ ಹೊರಗೂ ಓಡಾಡಿದಳು. ಮೀಯಿಸುವ ನೀರಿಗೆ ಒಲೆ ಹಚ್ಚಿದಳು. ಹಚ್ಚಿದ ಒಲೆಯನ್ನು ಮರೆತು ಹಿತ್ತಲಿಗೆ ಹೋದಳು. ಅಲ್ಲಿ ಗಂಡ ಜುಂಜಪ್ಪ ಗೋಡೆಗೆ ಮುಖ ಮಾಡಿ ನಿಂತಿದ್ದ.

"ಒಂದು ಮಾತು ಹೇಳೋದೈತಿ," ಎಂದಳು.

ಅವನು ಕೇಳಿಸಿಕೊಳ್ಳಲಿಲ್ಲ. ತನ್ನದೇ ಗುಂಗಿನಲ್ಲಿದ್ದ. "ಗಂಗಿ, ನಮ್ಮವ್ವ ನೀರು ಕೊಟ್ಟಾಗೆಲ್ಲ ನಾನು ಮೊದಲು ಆಕಿ ಬಾಯಿ ನೋಡ್ತಿದ್ನಿ. ಕುಡದ್ಲೋ ಇಲ್ಲೋ ಅಂತ. ಆಕಿಗೂ ಗೊತ್ತಿತ್ತದು. ಅದ್ಕ ಗುಟುಕು ನುಂಗಾಗ ಕತ್ತು ಎತ್ತಿ, ನಂಗ ಕಾಣಂಗ ನುಂಗತಿದ್ಲು." ಗೋಡೆಗೆ ಹಣೆ ಒತ್ತಿದ. "ಹೆತ್ತಾಕಿ. ಅಷ್ಟು ವರ್ಷ."

ಗಂಗಕ್ಕನ ಕೈ ಸೆರಗಿನ ತುದಿಯ ಗಂಟಿಗೆ ಹೋಯಿತು. ಅಷ್ಟರಲ್ಲಿ ಬೀದಿಯಲ್ಲಿ ಬಂಡಿಯ ಗೆಜ್ಜೆ ಕೇಳಿಸಿತು. ಬೆಳುಗುಪ್ಪದಿಂದ ಜುಂಜಪ್ಪನ ಸೋದರತ್ತೆ ಉಜ್ಜಿನಮ್ಮ ಬಂದಳು ಎಂದು ಯಾರೋ ಕೂಗಿದರು.

*

ಗಂಗಕ್ಕ ಈ ಮನೆಗೆ ಬಂದಾಗ ಅವಳಿಗೆ ಹನ್ನೊಂದು. ಮಡಕಶಿರಾ ಕಡೆಯ ಹೇಮಾವತಿ ಅವಳ ತವರು. ತಾಯಿ ತೀರಿಕೊಂಡಿದ್ದಳು. "ಹೆಂಗೂ ಮದ್ವೆಯಾದ ಹುಡ್ಗಿ, ಅತ್ತೆ ಮನೇಲೇ ಬೆಳೀಲಿ ಕಣಮ್ಮ," ಎಂದು ಅಪ್ಪ ಮೈನೆರೆಯುವ ಮುಂಚೆಯೇ ತಂದು ಬಿಟ್ಟುಹೋಗಿದ್ದ. ಜರ್ಮನಿಯವರ ಜೊತೆ ಮೊದಲನೆಯ ಯುದ್ಧ ನಡೆಯುತ್ತಿದ್ದ ಕಾಲ. ಗಂಡನಾದ ಜುಂಜಪ್ಪ ಹದಿನಾರರ ಹುಡುಗ, ಕುರಿಯ ಹಿಂದೆ ಗುಡ್ಡ ಅಲೆಯುತ್ತಿದ್ದ. ಅವಳ ತಲೆ ಬಾಚಿದವಳು, ರಾತ್ರಿ ಬೆಚ್ಚಿದಾಗ ಪಕ್ಕಕ್ಕೆ ಎಳೆದುಕೊಂಡವಳು ತಿಪ್ಪಕ್ಕ.

ಹೇಮಾವತಿಯಲ್ಲಿ ಬಾವಿ ನೀರು. ಬಗ್ಗಿ ನೋಡಿದರೆ ಮುಖ ಕಾಣುತ್ತಿತ್ತು. ನೀರಿಗೆ ಬೀಜ ತಿಕ್ಕುವುದನ್ನು ಹುಡುಗಿ ಕಂಡದ್ದೇ ಇಲ್ಲಿ.

ಆ ವರ್ಷ ತೋಳಗಳ ಕಾಟ ವಿಪರೀತವಾಗಿತ್ತು. ಮಾವ ಸೂರಪ್ಪ ಮುಷ್ಟಿ ಬೀಜ ತಂದು ಅರೆದು, ಸತ್ತ ಮರಿಯ ಹೊಟ್ಟೆಗೆ ತುಂಬಿ, ಹಳ್ಳದ ದಂಡೆಯಲ್ಲಿ ಇಟ್ಟುಬಂದ. ಮುಷ್ಟಿಯೂ ಚಿಲ್ಲವೂ ಅಕ್ಕತಂಗಿಯರು ಎಂದು ಕುರಿಗಾರರು ಹೇಳುವುದುಂಟು. ತಂಗಿಯ ಕರಿ ಹಣ್ಣನ್ನು ಮಕ್ಕಳು ಚೀಪುತ್ತಾರೆ, ಅವಳ ಬೀಜ ನೀರನ್ನು ತಿಳಿ ಮಾಡುತ್ತದೆ. ಅಕ್ಕನ ಹಣ್ಣು ಕಿತ್ತಳೆಯ ಹಾಗೆ ನೋಡಲು ಚೆಂದ, ಅವಳ ಬೀಜ ತೋಳವನ್ನು ಮಲಗಿಸುತ್ತದೆ. ಉಳಿದ ಒಂದು ಬೀಜವನ್ನು ಅಟ್ಟದ ಮೇಲೆ ಎತ್ತಿಡಬೇಕಾಗಿದ್ದ ಸೂರಪ್ಪ, ಅದನ್ನು ಗೋಡೆಯ ಗೂಡಿನಲ್ಲಿ ಚಿಲ್ಲದ ಬೀಜಗಳ ಪಕ್ಕದಲ್ಲೇ ಬಿಟ್ಟ. ಅಂದೇ ಸಂಜೆ ಚಳಿಜ್ವರ ಬಂದು ಮಲಗಿದ. ಆರೈಕೆಗೆ ಅವನ ಅಕ್ಕ ಉಜ್ಜಿನಮ್ಮ ಬಂದಳು.

ಮೂರನೆಯ ದಿನ ಬೆಳಿಗ್ಗೆ ಹಟ್ಟಿಯಲ್ಲಿ ಕುರಿಯೊಂದು ಈಯಲಾರದೆ ಒದ್ದಾಡುತ್ತಿತ್ತು. ತಿಪ್ಪಕ್ಕ ಅಲ್ಲಿಂದಲೇ ಕೂಗಿದಳು: "ಗಂಗಿ, ಗೂಡಿನಾಗಿಂದ ಬೀಜ ತಗಂಡು ಗಡಿಗಿ ತಿಕ್ಕವ್ವ. ನಿಮ್ಮ ಮಾವ ನೀರು ಕೇಳ್ತಾನ."

ಗೂಡಿನಲ್ಲಿ ಕಡಲೆಗಿಂತ ತುಸು ದಪ್ಪನೆಯ ಬೀಜಗಳು ಒಂದು ಹಿಡಿ. ಅವುಗಳ ಪಕ್ಕ ಕೋಟಿನ ಗುಂಡಿಯಂತೆ ಅಗಲವಾದ, ರೇಷ್ಮೆಯಂತೆ ಹೊಳೆಯುವ ಒಂದು ಬೀಜ. ದೊಡ್ಡದಾದರೆ ಬೇಗ ತಿಳಿಯಾದೀತು ಎಂದುಕೊಂಡಳು ಹುಡುಗಿ. ಅತ್ತೆ ಮೆಚ್ಚಲಿ ಎಂದು ತೋಳು ನೋಯುವವರೆಗೆ ತಿಕ್ಕಿದಳು.

ಸೂರಪ್ಪ ಎರಡು ಚೆಂಬು ಕುಡಿದ. "ಕಹಿ," ಎಂದ.

"ಜ್ವರದ ಬಾಯಿಗೆ ಎಲ್ಲಾ ಕಹಿನ. ಕುಡಿ," ಎಂದಳು ಉಜ್ಜಿನಮ್ಮ, ಚೆಂಬು ಹಿಡಿದವಳು ಅವಳೇ.

ಬಿಸಿಲು ಅಂಗಳಕ್ಕೆ ಇಳಿಯುವುದರೊಳಗೆ ಅವನ ಮೈ ಸೆಟೆದು ಬಿಲ್ಲಾಯಿತು. ಎರಡು ಸಲ, ಮೂರು ಸಲ. ಆಮೇಲೆ ಬಿಟ್ಟಿತು. ಉಜ್ಜಿನಮ್ಮ ನೀರಿನ ಕಟ್ಟೆಯ ಮೇಲೆ ಒದ್ದೆಯಾಗಿ ಬಿದ್ದಿದ್ದ ಅಗಲ ಬೀಜವನ್ನು ಕಂಡು ಚೀರಿದಳು. "ಯಾರು ತಿಕ್ಕಿದ್ದು? ಈ ಗಡಿಗಿ ಯಾರು ತಿಕ್ಕಿದ್ದು?"

ಹುಡುಗಿ ಬಾಯಿ ತೆರೆದಳು. ಬಾಗಿಲಲ್ಲಿ ಬಂದು ನಿಂತಿದ್ದ ತಿಪ್ಪಕ್ಕ ಗಂಡನನ್ನು ನೋಡಿದಳು, ಬೀಜ ನೋಡಿದಳು, ಹುಡುಗಿಯ ಒದ್ದೆ ತೋಳನ್ನು ನೋಡಿದಳು.

"ನಾನು," ಎಂದಳು.

ಅವಳ ಎರಡೂ ಕೈಗೆ ಮೊಣಕೈವರೆಗೆ ಕುರಿಯ ರಕ್ತ ಮೆತ್ತಿತ್ತು. ಆ ಕೈಯನ್ನು ಯಾರೂ ನೋಡಲಿಲ್ಲ.

ಗ್ರಾಮ ಮುನಸೀಬರು ಬಂದು ಹೆಣ ನೋಡಿ, ಜ್ವರ ಎಂದು ಬರೆದುಕೊಂಡು ಹೋದರು. ಜ್ವರವೇ ಇದ್ದರೂ ಇದ್ದೀತು. ಯಾರಿಗೂ ಗೊತ್ತಾಗುವ ದಾರಿ ಇರಲಿಲ್ಲ. ದಿವಸದ ಕಾರ್ಯ ಮುಗಿದ ಮೇಲೆ ಹಿತ್ತಲಲ್ಲಿ ತಿಪ್ಪಕ್ಕ ಹುಡುಗಿಯ ಗಲ್ಲ ಹಿಡಿದಳು.

"ದೊಡ್ಡದಾದ್ರೆ ಬ್ಯಾಗ ತಿಳಿಯಾಗ್ತೈತೆ ಅನ್ಕಂಡೆ ಕಣತ್ತೆ," ಎಂದು ಬಿಕ್ಕಿದಳು ಹುಡುಗಿ.

"ಗೊತ್ತೈತಿ. ಬೀಜ ಅಲ್ಲಿ ಇಟ್ಟಾತ ಆತ, ಕುಡಿಸಿದಾಕಿ ಆಕಿ, ತಿಕ್ಕು ಅಂದಾಕಿ ನಾನು. ನೀ ಯಾರ್ಗೂ ಹೇಳಬ್ಯಾಡ. ನಾನು ಒಂದು ಸಂಸಾರ ಮಾಡಿ ಮುಗಿಸೀನಿ, ತಡಕಂತೀನಿ. ನಿಂದು ಇನ್ನಾ ಸುರು ಆಗಿಲ್ಲ." ಸೆರಗಿನಿಂದ ಅವಳ ಮೂಗು ಒರೆಸಿದಳು. "ಇನ್ನ ಮ್ಯಾಲೆ ಗಡಿಗಿ ನಾನ ತಿಕ್ತೀನಿ."

*

ಉಜ್ಜಿನಮ್ಮ ಬಂಡಿಯಿಂದಿಳಿದಳು. ಕಂಕುಳಲ್ಲಿ ಬಟ್ಟೆ ಕಟ್ಟಿದ ಹಿತ್ತಾಳೆ ತಂಬಿಗೆ. ತಮ್ಮ ಸತ್ತ ಮೇಲೆ ಈ ಮನೆಗೆ ಯಾವಾಗ ಬಂದರೂ ನೀರು ತನ್ನ ಜೊತೆಯಲ್ಲೇ ತರುತ್ತಿದ್ದಳು. ಎಪ್ಪತ್ತು ದಾಟಿದ ಮುದುಕಿ, ಬೆನ್ನು ಇನ್ನೂ ನೆಟ್ಟಗಿತ್ತು. ಹೆಣದ ಮುಂದೆ ನಿಂತು ಒಂದು ಗಳಿಗೆ ನೋಡಿದಳು. ಅಳಲಿಲ್ಲ.

"ಗುಂಡಿ ಎಲ್ಲಿ ತಗಸಾಕ ಹತ್ತೀಯೋ ಜುಂಜ?"

"ಹೊಲದಾಗ ಅತ್ತಿ. ಚಿಲ್ಲದ ಗಿಡದ ಬುಡಕ, ಅಪ್ಪನ ಮಗ್ಗಲಕ. ಅವ್ವ ಅಲ್ಲೇ ಅಂತ ಹೇಳ್ತಿದ್ಲು."

"ನನ್ನ ತಮ್ಮನ ಮಗ್ಗಲಕ ಆಕಿನ ಮಲಗಸಬ್ಯಾಡ." ಅಂಗಳದಲ್ಲಿ ಬಿದಿರು ಸೀಳುವ ಸದ್ದು ನಿಂತಿತು. "ಬದುಕಿದ್ದಾಗ ಮಲಗಿದ್ದು ಸಾಕು. ನಿನ್ನ ಹೊಲ ದೊಡ್ಡದೈತಿ, ಆ ಕಡಿ ಬದುವಿನ ಹತ್ರ ತಗಸು. ಇಲ್ಲಾಂದ್ರ ಈಗಲೇ ಬಂಡಿ ತಿರುಗಿಸ್ತೀನಿ. ನಮ್ಮ ಕುಲದೋರು ಒಬ್ರೂ ಮಣ್ಣು ಹಾಕಂಗಿಲ್ಲ."

ಜುಂಜಪ್ಪ ನೆಲ ನೋಡಿದ. ಎಲ್ಲರೂ ಅವನನ್ನು ನೋಡಿದರು. "ಹಿರೇರು ಹೇಳಿದಂಗ," ಎಂದ ಕೊನೆಗೆ, ತನಗೇ ಕೇಳಿಸದಷ್ಟು ಮೆಲ್ಲಗೆ. ಗುಂಡಿ ತೋಡುವ ಹೊನ್ನೂರಪ್ಪ ಗುದ್ದಲಿ ಹೆಗಲಿಗೇರಿಸಿಕೊಂಡು ಹೊಲದ ಕಡೆ ಹೊರಟ.

ಗಂಗಕ್ಕ ಒಂದು ಹೆಜ್ಜೆ ಮುಂದಿಟ್ಟಳು. ಈಗ ಹೇಳಬೇಕು. ಹೇಳಿದರೆ ಅತ್ತೆಗೆ ಅವಳ ಜಾಗ ಸಿಗುತ್ತದೆ. ಹೇಳಿದರೆ ನಾಳೆಯಿಂದ ಗಂಡ ತನ್ನ ಬಾಯಿ ನೋಡಿ ನೀರು ಕುಡಿಯುತ್ತಾನೆ. ಓಬಿಯನ್ನು ಯಾರು ಮದುವೆಯಾಗುತ್ತಾರೆ? ಮುಷ್ಟಿ ತಿಪ್ಪಕ್ಕ ಹೋಗಿ ಮುಷ್ಟಿ ಗಂಗಕ್ಕ ಆಗುತ್ತದೆ, ಆಮೇಲೆ ಮುಷ್ಟಿಯ ಮಗಳು. ಇಷ್ಟು ವರ್ಷ ಅತ್ತೆ ತಡೆದಿಟ್ಟದ್ದು ಇದನ್ನೇ ಅಲ್ಲವೇ? ಅದನ್ನು ಅವಳ ಹೆಣದ ಮುಂದೆ ಚೆಲ್ಲಿಬಿಡುವುದೇ? ಚೆಲ್ಲದೆ ಅವಳನ್ನು ಬದುವಿನ ಹತ್ತಿರ ಒಂಟಿಯಾಗಿ ಬಿಟ್ಟುಬರುವುದೇ?

ಓಬಿ ಸೆರಗು ಜಗ್ಗಿದಳು. "ಅವ್ವ, ಒಂದ ಒಂದು ಕೇಳ್ತೀನಿ."

"ಸುಮ್ಕಿರು. ಹೋಗಿ ಆದಿಲಕ್ಷ್ಮವ್ವನ ಹತ್ರ ಕುಂದ್ರು."

"ನೀ ಯಾವಾಗ್ಲೂ ಹಿಂಗ."

"ಬಾಯಿ ಮುಚ್ಚು ಅಂದೆ!"

ಹುಡುಗಿ ಸೆರಗು ಬಿಟ್ಟು ಹಿಂದೆ ಸರಿದಳು. ಗಂಗಕ್ಕ ಎಂದೂ ಮಗಳ ಮೇಲೆ ಹಾಗೆ ಹಾಯ್ದವಳಲ್ಲ. ಅವಳಿಗೆ ಗೊತ್ತಿತ್ತು ಆ ಪ್ರಶ್ನೆ ಏನೆಂದು.

*

ಯುಗಾದಿಗೆ ಮುಂಚೆ ಒಂದು ಮಧ್ಯಾಹ್ನ ಗಂಗಕ್ಕ ಗೋಡೆಯ ಆಚೆ ರಾಗಿ ಬೀಸುತ್ತಿದ್ದಳು. ಈಚೆ ಅಜ್ಜಿ ಮೊಮ್ಮಗಳು ಒಣಗಿದ ಚಿಲ್ಲದ ಹಣ್ಣಿನಿಂದ ಬೀಜ ಬಿಡಿಸುತ್ತ ಕೂತಿದ್ದರು. ಕಥೆ ನಡೆದಿತ್ತು.

"...ಆ ಸಣ್ಣ ಸೊಸಿ ಬಾವಿ ನೀರಿನ ಊರಾಕಿ. ಪಾಪ, ಆಕಿಗೇನು ಗೊತ್ತು? ದೊಡ್ಡ ಬೀಜ ತಗಂಡ್ಲು, ತಿಕ್ಕಿದ್ಲು. ಮನಿ ಯಜಮಾನ ಹೋಗಿಬಿಟ್ಟ."

ಗಂಗಕ್ಕನ ಕೈಯಲ್ಲಿ ಬೀಸುಕಲ್ಲು ನಿಂತಿತು.

"ಅತ್ತಿ ಹೊಡದ್ಲೇನಜ್ಜಿ?"

"ಯಾಕ ಹೊಡೀತಾಳ? ನಿನ್ನಷ್ಟುದ್ದ ಇತ್ತು ಕೂಸು."

"ಮತ್ತೇನು ಮಾಡಿದ್ಲು?"

"ಗಡಿಗಿ ತಿಕ್ಕೋ ಕೆಲಸ ಬಿಡಿಸಿದ್ಲು. ಅಷ್ಟ."

"ಆಮ್ಯಾಲೆ ಆ ಸೊಸಿ?"

"ಆಮ್ಯಾಲೇನು, ದೊಡ್ಡಾಕಿ ಆದ್ಲು. ಹಡದ್ಲು. ಚೆಂದ ಅದಾಳ." ತಿಪ್ಪಕ್ಕ ನಕ್ಕ ಸದ್ದು. "ಕಥಿ ಇದು. ಮಂದಿ ಮುಂದ ಹೇಳೋ ಕಥಿ ಅಲ್ಲ, ನಾನೂ ನೀನೂ ಹೇಳಿಕೆಣೋದು. ಎಷ್ಟು ದಿನ ಅಂತ ಒಬ್ಬಾಕೇ ಇಟಗಣ್ಲಿ, ಹೊಟ್ಟಿ ಭಾರ ಆಗತೈತಿ."

ಗೋಡೆಯ ಆಚೆ ಬೀಸುಕಲ್ಲು ಮತ್ತೆ ತಿರುಗತೊಡಗಿತು.

*

ಹಲಗೆಯ ಬಡಿತದ ಹಿಂದೆ ಹೆಣ ಹೊಲ ಮುಟ್ಟಿತು. ಗುಂಡಿಗಿಳಿಸುವ ಮುಂಚೆ ಮನೆಯ ಗಡಿಗೆಯಿಂದ ಎಲ್ಲರೂ ಬಾಯಿಗೆ ಹನಿ ನೀರು ಬಿಡುವುದು ಅವರ ಪದ್ಧತಿ. ಬೆಳಿಗ್ಗೆ ತಂದ ಗಡಿಗೆಯನ್ನು ಗಂಗಕ್ಕ ತಲೆಯ ಮೇಲೆ ಹೊತ್ತು ಬಂದಿದ್ದಳು. ತಿಕ್ಕದ ನೀರು, ನಡೆದಷ್ಟೂ ಕದಡಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು.

ಗುಂಡಿ ಸಿದ್ಧವಾಗುವ ತನಕ ಚಟ್ಟವನ್ನು ಚಿಲ್ಲದ ಗಿಡದ ನೆರಳಿಗೆ ಇಳಿಸಿದರು. ಅಲ್ಲೇ ಸೂರಪ್ಪನ ತಲೆಗಲ್ಲು. ಅದರ ಪಕ್ಕ ಒಂದು ಆಳು ಮಲಗುವಷ್ಟು ಜಾಗದಲ್ಲಿ ಒಂದು ಹುಲ್ಲುಕಡ್ಡಿಯೂ ಇರಲಿಲ್ಲ. ತಿಪ್ಪಕ್ಕ ವರ್ಷಾ ವರ್ಷ ಕಳೆ ಕಿತ್ತು ಕಾದಿಟ್ಟುಕೊಂಡ ಜಾಗ. ದೂರದಲ್ಲಿ, ಬದುವಿನ ಹತ್ತಿರದ ಬಿಸಿಲಲ್ಲಿ, ಹೊನ್ನೂರಪ್ಪ ಮೊಣಕಾಲುದ್ದದ ಗುಂಡಿಯಲ್ಲಿ ನಿಂತು ಅಗೆಯುತ್ತಿದ್ದ. ನೆಲ ಗಟ್ಟಿ. ಗುದ್ದಲಿ ಕಲ್ಲಿಗೆ ತಗಲಿ ಠಣ್ ಎನ್ನುತ್ತಿತ್ತು.

ಉಜ್ಜಿನಮ್ಮ ತಂಬಿಗೆಯ ಬಟ್ಟೆ ಬಿಚ್ಚಿದಳು. "ಬಾ ಜುಂಜ, ನೀನ ಮೊದಲು ಬಿಡು. ಬೆಳುಗುಪ್ಪದ ಬಾವಿ ನೀರಿದು, ಕನ್ನಡಿ ಇದ್ದಂಗೈತಿ. ಆ ಗಡಿಗಿ ನೀರು ನನ್ನ ತಮ್ಮಗ ಸಾಕಾತು."

ಜುಂಜಪ್ಪ ಕೈ ಮುಂದೆ ಮಾಡಿದ.

"ತಡೀರಿ," ಎಂದಳು ಗಂಗಕ್ಕ. ಗಡಿಗೆಯನ್ನು ತಲೆಯಿಂದಿಳಿಸಿ ಹೆಣದ ಪಕ್ಕದಲ್ಲಿಟ್ಟು ಕುಕ್ಕರುಗಾಲಲ್ಲಿ ಕೂತಳು. "ಮನಿ ನೀರೈತಿ."

"ಅದೇನು ನೀರೋ, ಸಾರೋ?"

"ತಿಳಿ ಮಾಡ್ತೀನಿ."

ಸೆರಗಿನ ಗಂಟು ಬಿಚ್ಚಿದಳು. ಸವೆದ ಬೀಜವನ್ನು ಅಂಗೈಯಲ್ಲಿಟ್ಟು ನೋಡಿದಳು. ಚಿಕ್ಕದು, ಗುಂಡನೆಯದು, ಚಿಲ್ಲವೇ. ಇನ್ನೊಮ್ಮೆ ನೋಡಿದಳು. ಆಮೇಲೆ ಬಳೆ ಮೇಲೆ ಸರಿಸಿ, ಕೈಯನ್ನು ಗಡಿಗೆಯೊಳಗೆ ಇಳಿಸಿದಳು.

ಗರ. ಗರ. ಗರ.

ಆದಿಲಕ್ಷ್ಮಿ ಬೆರಗಾಗಿ ಬಾಯಿಗೆ ಸೆರಗಿಟ್ಟುಕೊಂಡಳು. ಗಂಗಕ್ಕ ಗಡಿಗೆ ತಿಕ್ಕಿದ್ದನ್ನು ಊರಿನಲ್ಲಿ ಯಾರೂ ಕಂಡಿರಲಿಲ್ಲ. ಓಬಿ ಸಂದಿಯಲ್ಲಿ ನುಸುಳಿ ಮುಂದೆ ಬಂದು, ತಾಯಿಯ ತೋಳನ್ನೇ ನೋಡುತ್ತ ನಿಂತಳು.

"ನೀರು ತಿಳಿಯಾಗೋ ತನಕ ಹೆಣ ಕಾಯಬೇಕೇನು?" ಎಂದಳು ಉಜ್ಜಿನಮ್ಮ.

"ಕಾಯತೈತಿ ಬಿಡಬೇ," ಎಂದ ಪಾಪಣ್ಣ. "ಅವಸರ ಆಕಿಗಿಲ್ಲ, ನಮಗೈತಿ."

ಮಂದಿ ಕಾಲು ಬದಲಿಸಿದರು. ಒಬ್ಬ ಕೆಮ್ಮಿದ, ಒಬ್ಬ ಹೊತ್ತು ನೋಡಿದ. ಕಾಗೆಯೊಂದು ಗಿಡದಿಂದ ಹಾರಿ ಮತ್ತೆ ಅಲ್ಲಿಗೇ ಬಂದು ಕೂತಿತು. ಠಣ್, ಠಣ್ ಎಂದು ಗುದ್ದಲಿ. ಗಡಿಗೆಯೊಳಗೆ ಕೆಂಪು ನಿಧಾನವಾಗಿ ಕೆಳಗಿಳಿಯತೊಡಗಿತು. ಮೊದಲು ಅಂಚಿನ ಸುತ್ತ ಒಂದು ಬೆರಳು ತಿಳಿಯಾಯಿತು, ಆಮೇಲೆ ಒಂದು ಗೇಣು. ಚಿಲ್ಲದ ಗಿಡದ ಎಲೆಗಳು ಒಂದೊಂದಾಗಿ ನೀರಿನಲ್ಲಿ ಮೂಡಿದವು. ಅವುಗಳ ನಡುವೆ ಬಗ್ಗಿ ನೋಡುತ್ತಿದ್ದ ಗಂಗಕ್ಕನ ಮುಖ.

ಅವಳು ಬೊಗಸೆಯಲ್ಲಿ ನೀರೆತ್ತಿ, ತಾನೇ ಒಂದು ಗುಟುಕು ಕುಡಿದಳು. ಕತ್ತು ಎತ್ತಿ, ಎಲ್ಲರಿಗೂ ಕಾಣುವಂತೆ ನುಂಗಿದಳು. ಜುಂಜಪ್ಪ ಅವಳ ಬಾಯನ್ನೇ ನೋಡಿದ. ಅದು ಅವನ ತಾಯಿಯ ಗುಟುಕು.

"ಉಜ್ಜಿನತ್ತಿ," ಎಂದಳು ಗಂಗಕ್ಕ. "ಅವತ್ತು..."

"ಏನವತ್ತು?"

ಗಂಗಕ್ಕನ ಬಾಯಿ ತೆರೆದೇ ಇತ್ತು. ಬೊಗಸೆಯ ಸಂದಿಯಿಂದ ನೀರು ಹನಿಹನಿಯಾಗಿ ತಿಪ್ಪಕ್ಕನ ಕೈಯ ಮೇಲೆ ಬೀಳುತ್ತಿತ್ತು.

ಓಬಿ ಈ ಸಲ ಕೇಳಲಾ ಎಂದು ಕೇಳಲಿಲ್ಲ. ತಾಯಿಯ ಒದ್ದೆ ತೋಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಬದುವಿನ ಹತ್ತಿರ ಹೊನ್ನೂರಪ್ಪನ ಗುದ್ದಲಿ ಮೇಲೆತ್ತಿದಲ್ಲೇ ನಿಲ್ಲುವಷ್ಟು ಗಟ್ಟಿಯಾಗಿ ಕೇಳಿದಳು:

"ಅವ್ವ, ಅಜ್ಜಿ ಕಥಿಯಾಗ ದೊಡ್ಡ ಬೀಜ ತಗಂಡಾಕಿ, ಆ ಸಣ್ಣ ಸೊಸಿ, ಆಕಿ ನೀನೇ ಏನು?"